ಸನ್‌ಮೈಕಾ ಎದ್ದ ಮೇಜು

ಪರೀಕ್ಷೆ ಮುಗಿದ ಮೊದಲ ವಾರ ಓದುವ ಮೇಜಿನತ್ತ ಮಕ್ಕಳು ತಿರುಗಿಯೂ ನೋಡುವುದಿಲ್ಲ. ನೋಡುವವರು ಅಮ್ಮಂದಿರು ಮಾತ್ರ. ಅದೂ ಹಳೆಯ ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕುವ ನೆಪದಲ್ಲಿ. ಶಿವಮೊಗ್ಗದ ಒಂದು ಮನೆಯಲ್ಲೂ ಹಾಗೇ ಆಯಿತು ಎಂದಿಟ್ಟುಕೊಳ್ಳಿ. ಪುಸ್ತಕ ಎತ್ತಿದ ಮೇಲೆ ಮೇಜಿನ ನಿಜರೂಪ ಕಂಡಿತು. ಮಗಳು ಐದನೇ ತರಗತಿಯಲ್ಲಿದ್ದಾಗ ಕೊಂಡದ್ದು. ಈಗ ಅವಳು ದ್ವಿತೀಯ ಪಿಯುಸಿ ಬರೆದು ಕೂತಿದ್ದಾಳೆ. ಮುಂದಿನ ವರ್ಷ ಆ ಮೇಜು ಎಸ್ಸೆಸ್ಸೆಲ್ಸಿಗೆ ಹೋಗುವ ತಮ್ಮನ ಪಾಲಿಗೆ ಬರಬೇಕು.

ಮೇಜಿನ ಕಾಲುಗಳು ಗಟ್ಟಿಯಾಗಿಯೇ ಇದ್ದವು. ಕೆಟ್ಟದ್ದು ಮೈ. ಬರೆಯುವಾಗ ಮಣಿಕಟ್ಟು ಊರುವ ಮುಂಭಾಗದ ಅಂಚಿನಲ್ಲಿ ತಿಳಿಹಸಿರು ಸನ್‌ಮೈಕಾ ನಾಲ್ಕು ಬೆರಳಗಲ ಎದ್ದು ನಿಂತಿತ್ತು. ಅಂಗಿಯ ತೋಳು ಅದಕ್ಕೆ ಸಿಕ್ಕಿ ಹರಿಯುವುದು ವಾಡಿಕೆಯಾಗಿತ್ತು. ಸಂದಿಯೊಳಗೆ ರಬ್ಬರಿನ ಪುಡಿ, ಪೆನ್ಸಿಲ್ ಹೊಟ್ಟು, ಒಂದು ಹಳೆಯ ಬಸ್ ಟಿಕೆಟ್. ನಡುವೆ ಬಿಸಿ ಹಾಲಿನ ಪಾತ್ರೆ ಇಟ್ಟ ಜಾಗದಲ್ಲಿ ಒಂದು ಗುಳ್ಳೆ. ಒತ್ತಿದರೆ 'ಟಕ್' ಎನ್ನುತ್ತಿತ್ತು. ಗಣಿತದ ಲೆಕ್ಕ ಬಗೆಹರಿಯದಾಗ ಅದನ್ನು ಒತ್ತುತ್ತ ಕೂರುವುದು ತಮ್ಮನ ಅಭ್ಯಾಸ.

"ಗುಜರಿಯವನಿಗೆ ಕೊಟ್ಟು ಹೊಸದು ತಂದರಾಯಿತು ಬಿಡು" ಎಂದರು ಅಪ್ಪ.

"ಕಾಲು ಗಟ್ಟಿ ಇದೆಯಲ್ಲಪ್ಪ. ಮೇಲಿನ ಹಾಳೆ ಒಂದನ್ನು ಬದಲಾಯಿಸಿದರೆ ಸಾಲದಾ?" ಎಂದಳು ಮಗಳು.

ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಆ ಹಾಳೆ ಏನೆಂಬುದು ಮೊದಲು ತಿಳಿಯಬೇಕು. ಸನ್‌ಮೈಕಾ ಎಂಬುದು ಒಂದು ಬ್ರ್ಯಾಂಡಿನ ಹೆಸರು. ಡಾಲ್ಡಾ, ಝೆರಾಕ್ಸ್‌ಗಳ ಹಾಗೆ ಅದೇ ವಸ್ತುವಿನ ಹೆಸರೂ ಆಗಿಬಿಟ್ಟಿದೆ. ಹೆಸರಿನಲ್ಲಿ 'ಮೈಕಾ', ಅಂದರೆ ಅಭ್ರಕ, ಇದ್ದರೂ ಹಾಳೆಯಲ್ಲಿ ಅಭ್ರಕವಿಲ್ಲ. ಬೆಳ್ಳುಳ್ಳಿಯಲ್ಲಿ ಬೆಳ್ಳಿ ಇಲ್ಲದ ಹಾಗೆ ಎನ್ನಬಹುದು. ಆದರೆ ಇದಕ್ಕೊಂದು ಕಥೆಯಿದೆ.

ಕಳೆದ ಶತಮಾನದ ಆರಂಭದಲ್ಲಿ ವಿದ್ಯುತ್ ಯಂತ್ರಗಳ ಒಳಗೆ ಕರೆಂಟು ಹರಿದು ಹೋಗದಂತೆ ತಡೆಯಲು ಅಭ್ರಕವೇ ಗತಿಯಾಗಿತ್ತು. ಇಂದಿನ ಜಾರ್ಖಂಡಿನ ಕೊಡರ್ಮಾ, ಆಂಧ್ರದ ನೆಲ್ಲೂರು ಸೀಮೆಗಳು ಅದಕ್ಕೆ ಹೆಸರಾದವು. 1907ರಲ್ಲಿ ಬೆಲ್ಜಿಯಂ ಮೂಲದ ಲಿಯೋ ಬೇಕ್‌ಲೆಂಡ್ ಎಂಬ ರಸಾಯನ ವಿಜ್ಞಾನಿ ಅಮೆರಿಕದಲ್ಲಿ ಬೇಕಲೈಟ್ ಎಂಬ ಕೃತಕ ರಾಳವನ್ನು ಕಂಡುಹಿಡಿದರು. ಅಲ್ಲಿನ ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿದ್ದ ಡೇನಿಯಲ್ ಓಕಾನರ್, ಹರ್ಬರ್ಟ್ ಫೇಬರ್ ಎಂಬ ಇಬ್ಬರು ಯುವ ಎಂಜಿನಿಯರುಗಳು ಈ ರಾಳದಲ್ಲಿ ತೋಯಿಸಿದ ಪದರಗಳನ್ನು ಒತ್ತಿ ಗಟ್ಟಿ ಹಾಳೆ ಮಾಡಿ ಅಭ್ರಕದ ಬದಲಿಗೆ ಬಳಸಬಹುದೆಂದು ಯೋಚಿಸಿದರು. 1913ರಲ್ಲಿ ಕೆಲಸ ಬಿಟ್ಟು ಸಿನ್ಸಿನಾಟಿಯಲ್ಲಿ ಸ್ವಂತ ಕಂಪನಿ ತೆರೆದರು. 'ಫಾರ್ ಮೈಕಾ' — ಮೈಕಾದ ಬದಲಿಗೆ — ಎಂಬ ಇಂಗ್ಲಿಷ್ ಮಾತೇ 'ಫಾರ್ಮೈಕಾ' ಎಂಬ ಹೆಸರಾಯಿತು. ಆ ಮೈಕಾದ ಬಾಲ ಮುಂದೆ ಸನ್‌ಮೈಕಾಕ್ಕೂ ಅಂಟಿಕೊಂಡಿತು.

ವಿದ್ಯುತ್ ಯಂತ್ರದ ಹೊಟ್ಟೆಯಲ್ಲಿದ್ದ ಕಪ್ಪು ಕಂದು ಹಾಳೆ ಅಡುಗೆಮನೆಗೆ ಬಂದದ್ದು ಮೆಲಮೈನ್ ರಾಳದಿಂದ. ಬೇಕಲೈಟ್ ಕಪ್ಪು, ಮೆಲಮೈನ್ ಗಾಜಿನಂತೆ ತಿಳಿ. 1930ರ ದಶಕದ ಕೊನೆಯ ಹೊತ್ತಿಗೆ ಬಣ್ಣದ ಚಿತ್ತಾರವಿರುವ ಕಾಗದವನ್ನು ಮೆಲಮೈನ್‌ನಲ್ಲಿ ತೋಯಿಸಿ ಎಲ್ಲಕ್ಕಿಂತ ಮೇಲಿನ ಪದರವಾಗಿ ಕೂರಿಸತೊಡಗಿದರು. ಎರಡನೇ ಮಹಾಯುದ್ಧದ ನಂತರ ಕಟ್ಟಿದ ಅಮೆರಿಕದ ಮನೆಗಳಲ್ಲಿ ಅಡುಗೆಕಟ್ಟೆಗೇ ಈ ಹಾಳೆ ಹೊದಿಸಿದರು. ಅದು ಹಳತಾದಾಗ ಮನೆಯವರೇ ರಜೆಯ ದಿನ ಕೂತು ಹೊಸ ಮೈ ಕೊಡುವುದು ಅಲ್ಲಿ ರೂಢಿ. ಕೂಲಿ ಅಷ್ಟು ದುಬಾರಿ. ಇಲ್ಲಿನ ಅಡುಗೆಕಟ್ಟೆ ಕಡಪ ಕಲ್ಲಿನದೋ ಗ್ರಾನೈಟಿನದೋ ಆದ್ದರಿಂದ ಸನ್‌ಮೈಕಾ ಕಪಾಟಿನ ಬಾಗಿಲು, ಊಟದ ಮೇಜು, ಓದುವ ಮೇಜುಗಳಲ್ಲಿ ನೆಲೆಸಿತು. ಹಾಳೆ ಮಾತ್ರ ಅದೇ, ಅದರ ಕಾಯಿಲೆಗಳೂ ಅವೇ.

ಹಾಳೆಯ ಒಡಲಲ್ಲಿ ಇರುವುದು ಬಹುಪಾಲು ಕಾಗದ. ಸಾಮಾನು ಕಟ್ಟುವ ಕಂದು ಕಾಗದದಂಥ ಹಲವು ಪದರಗಳನ್ನು ಬೇಕಲೈಟ್ ಜಾತಿಯ ರಾಳದಲ್ಲಿ ನೆನೆಸಿ, ಮೇಲೆ ಚಿತ್ತಾರದ ಕಾಗದವಿಟ್ಟು, 120 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಕಾವಿನಲ್ಲಿ, ಗಾಳಿಯ ಒತ್ತಡದ ಐವತ್ತು ಪಟ್ಟಿಗೂ ಹೆಚ್ಚಿನ ಭಾರದಲ್ಲಿ ಅದುಮುತ್ತಾರೆ. ಹೊರಬರುವ ಹಾಳೆಯ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರ್.

ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದದ್ದಿದೆ. ತುಪ್ಪ ಕಾಯಿಸಿದರೆ ಕರಗುತ್ತದೆ, ಆರಿದರೆ ಹೆಪ್ಪುಗಟ್ಟುತ್ತದೆ, ಮತ್ತೆ ಕಾಯಿಸಿದರೆ ಮತ್ತೆ ಕರಗುತ್ತದೆ. ಇಡ್ಲಿ ಹಾಗಲ್ಲ. ಒಮ್ಮೆ ಬೆಂದ ಇಡ್ಲಿಯನ್ನು ಎಷ್ಟು ಬಿಸಿ ಮಾಡಿದರೂ ಹಿಟ್ಟಾಗುವುದಿಲ್ಲ. ಬಕೆಟ್, ಕೊಡಗಳ ಪ್ಲಾಸ್ಟಿಕ್ಕು ತುಪ್ಪದ ಜಾತಿ. ಸನ್‌ಮೈಕಾ ಇಡ್ಲಿಯ ಜಾತಿ. ಅದರ ಅಣುಸರಪಳಿಗಳು ಬೇಯುವಾಗ ಒಂದಕ್ಕೊಂದು ಅಡ್ಡಕೊಂಡಿ ಹಾಕಿಕೊಂಡು ಬಲೆಯಂತಾಗಿರುತ್ತವೆ. ಆದ್ದರಿಂದಲೇ ಅದು ಕರಗದು, ನೀರು ಕುಡಿಯದು, ಹತ್ತು ವರ್ಷ ಕೈವಾರ ಎಳೆದಾಡಿದರೂ ಜಗ್ಗದು. ಆದ್ದರಿಂದಲೇ ಬಣ್ಣವನ್ನೂ ಅಂಟನ್ನೂ ಅದು ಸುಲಭವಾಗಿ ಒಪ್ಪದು.

ಹಾಗಾದರೆ ಶಿವಮೊಗ್ಗದ ಮೇಜಿನಲ್ಲಿ ಕೆಟ್ಟದ್ದೇನು? ಹಾಳೆಯಲ್ಲ, ಹಾಳೆಯ ಕೆಳಗಿನ ಅಂಟು. ಬಡಗಿಗಳು ಬಳಸುವ ಬಿಳಿ ಅಂಟು — ಊರಿಗೆಲ್ಲ ಫೆವಿಕಾಲ್ ಎಂದೇ ಪರಿಚಿತವಾದದ್ದು — ತುಪ್ಪದ ಜಾತಿ. ಬಿಸಿಗೆ ಮೆದುವಾಗುತ್ತದೆ, ನೀರಿಗೆ ಸಡಿಲಾಗುತ್ತದೆ. ಬಿಸಿ ಪಾತ್ರೆ ನಡುವೆ ಗುಳ್ಳೆ ಎಬ್ಬಿಸಿತು. ಒದ್ದೆ ಬಟ್ಟೆಯ ಒರೆಸು ಮತ್ತು ಮಲೆನಾಡ ಬಾಗಿಲಿನ ಮಳೆಗಾಲ ಸೇರಿ ಅಂಚನ್ನು ಬಿಡಿಸಿದವು. ಸನ್‌ಮೈಕಾ ಹಾಳಾಯಿತು ಎಂದು ಜನ ಹೇಳುವ ಹತ್ತು ಮೇಜುಗಳನ್ನು ತಟ್ಟಿ ನೋಡಿದರೆ ಹೆಚ್ಚಿನವುಗಳ ಕಥೆ ಇದೇ.

ತಟ್ಟಿ ನೋಡುವುದು ಅಲಂಕಾರದ ಮಾತಲ್ಲ. ನಾಣ್ಯದಿಂದ ಮೇಜಿನ ಮೈಯನ್ನು ಗೇಣು ಗೇಣಿಗೂ ತಟ್ಟುತ್ತ ಹೋಗಬೇಕು. ಅಂಟಿರುವ ಕಡೆ ಗಟ್ಟಿ ಸದ್ದು, ಬಿಟ್ಟಿರುವ ಕಡೆ ಟೊಳ್ಳು ಸದ್ದು. ಹಲಸಿನಹಣ್ಣು ಬಡಿದು ನೋಡಿದವರಿಗೆ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ಟೊಳ್ಳು ಬಂದ ಕಡೆ ಪೆನ್ಸಿಲಿನಿಂದ ಗುರುತು ಹಾಕಬೇಕು. ಆಮೇಲೆ ಅಂಚನ್ನು ಮೆಲ್ಲನೆ ಎತ್ತಿ, ಕೆಳಗಿನ ಹಲಗೆಯನ್ನು ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಬೇಕು. ಪ್ಲೈವುಡ್ ಆಗಿದ್ದು ಗಟ್ಟಿಯಿದ್ದರೆ ಕೆಲಸಕ್ಕೆ ಕೈಹಾಕಬಹುದು. ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಒತ್ತಿದ ಪಾರ್ಟಿಕಲ್ ಬೋರ್ಡ್ ಆಗಿದ್ದು, ನೀರು ಕುಡಿದು ಊದಿ, ತುದಿ ತಾಗಿಸಿದ ಕೂಡಲೇ ರವೆಯಂತೆ ಉದುರಿದರೆ ಅಪ್ಪನ ಮಾತೇ ಸರಿ: ಗುಜರಿ. ಊದಿದ ಹೊಟ್ಟಿನ ಹಲಗೆ ಮತ್ತೆ ಇಳಿಯುವುದಿಲ್ಲ. ಅದರ ಮೇಲೆ ಯಾವ ಹಾಳೆ ಹಾಕಿದರೂ ದುಡ್ಡು ದಂಡ.

ಈ ಮೇಜಿನದು ಪ್ಲೈವುಡ್. ಮಗಳು ಗೆದ್ದಳು.

ಮೊದಲು ಖರ್ಚಿಲ್ಲದ ದಾರಿ. ಅಂಚಿನ ಸಂದಿಯ ಕಸವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ತೆಗೆದು, ಒಂದು ದಿನ ಒಣಗಲು ಬಿಟ್ಟು, ತೆಳ್ಳನೆಯ ರಟ್ಟಿನ ಚೂರಿನಿಂದ ಬಿಳಿ ಅಂಟನ್ನು ಒಳಗೆ ಸವರಿದರು. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಒಂದು ಹಲಗೆ, ಅದರ ಮೇಲೆ ಕಟ್ಟಿಟ್ಟ ಪಠ್ಯಪುಸ್ತಕಗಳ ರಾಶಿ, ಸಾಲದ್ದಕ್ಕೆ ಒರಳಿನ ಗುಂಡು. ಪ್ಲಾಸ್ಟಿಕ್ ಮರೆತರೆ ಹಲಗೆಯೇ ಮೇಜಿಗೆ ಅಂಟಿ ಹೊಸ ಸಮಸ್ಯೆ. ಬಿಳಿ ಅಂಟು ಗಟ್ಟಿಯಾಗುವುದು ಅದರಲ್ಲಿರುವ ನೀರನ್ನು ಮರ ಹೀರಿಕೊಂಡ ಮೇಲೆಯೇ. ಆದ್ದರಿಂದ ಒಂದು ರಾತ್ರಿಯಿಡೀ ಭಾರ ಇರಬೇಕು. ಬೆಳಿಗ್ಗೆ ಅಂಚು ಕೂತಿತ್ತು. ಎಷ್ಟೋ ಮನೆಗಳಲ್ಲಿ ಕೆಲಸ ಇಲ್ಲಿಗೇ ಮುಗಿಯುತ್ತದೆ, ಮುಗಿಯಲೂ ಬೇಕು. ಹಾಳೆಯ ಬಣ್ಣ ಬೇಸರವಾಯಿತೆಂಬ ಒಂದೇ ಕಾರಣಕ್ಕೆ ಗಟ್ಟಿ ಅಂಟಿರುವುದನ್ನು ಕೆದಕುವುದು ಜಾಣತನವಲ್ಲ.

ಗುಳ್ಳೆಗೆ ಇಸ್ತ್ರಿ ಪೆಟ್ಟಿಗೆಯ ಚಿಕಿತ್ಸೆ. ಹತ್ತಿಬಟ್ಟೆ ಹಾಸಿ, ಹದವಾದ ಬಿಸಿಯ ಇಸ್ತ್ರಿಯನ್ನು ಕೆಲವು ಸೆಕೆಂಡು ಒತ್ತಿ, ತೆಗೆದ ತಕ್ಷಣ ಭಾರ ಹೇರಿ ತಣ್ಣಗಾಗಲು ಬಿಡಬೇಕು. ತುಪ್ಪದ ಜಾತಿಯ ಅಂಟು ಮೆದುವಾಗಿ ಮತ್ತೆ ಹಿಡಿಯುತ್ತದೆ ಎಂಬುದು ಇಲ್ಲಿನ ಲೆಕ್ಕ. ಹಲವು ಸಲ ಹಿಡಿಯುತ್ತದೆ. ಇಲ್ಲಿ ಸಂಜೆ ಕೂತ ಗುಳ್ಳೆ ಬೆಳಗಾಗುವುದರೊಳಗೆ ಮತ್ತೆ 'ಟಕ್' ಎಂದಿತು. ತಮ್ಮನಿಗೆ ಸಂತೋಷವೇ ಆಯಿತೆನ್ನಬೇಕು.

ಇನ್ನುಳಿದದ್ದು ಎರಡು ದಾರಿ: ಬಣ್ಣ ಬಳಿಯುವುದು, ಇಲ್ಲವೇ ಹಳೆಯದರ ಮೇಲೆ ಹೊಸ ಹಾಳೆ ಹೊದಿಸುವುದು.

ಬಣ್ಣ ಅಗ್ಗವಾಗಿ ಕಾಣುತ್ತದೆ, ಮೋಸವೂ ಮಾಡುತ್ತದೆ. ಜಿಡ್ಡು ಪೂರಾ ತೊಳೆದು, ಹೊಳಪು ಸಾಯುವವರೆಗೆ ಎಮರಿ ಕಾಗದದಿಂದ ಉಜ್ಜಿ, ನುಣುಪಾದ ಮೈಗೂ ಹಿಡಿಯುವ ಪ್ರೈಮರ್ ಹಚ್ಚಿ, ಆಮೇಲೆ ತೆಳುವಾಗಿ ಎರಡು ಮೂರು ಕೋಟು ಎನಾಮಲ್ ಬಳಿಯಬೇಕು. ಉಜ್ಜಿದ್ದು ಸಾಕೇ ಎಂದು ತಿಳಿಯಲು ನೀರು ಚಿಮುಕಿಸಿ ನೋಡಿ: ಕೆಸುವಿನೆಲೆಯ ಮೇಲಿನ ಹಾಗೆ ಹನಿಗಟ್ಟಿ ನಿಂತರೆ ಇನ್ನೂ ಜಿಡ್ಡಿದೆ, ತೆಳ್ಳಗೆ ಹರಡಿಕೊಂಡರೆ ಮೈ ಸಿದ್ಧ. ಬಳಿದ ಬಣ್ಣ ಮರುದಿನಕ್ಕೆ ಒಣಗಿದಂತೆ ಕಾಣುತ್ತದೆ, ಆದರೆ ಒಳಗೆ ಗಟ್ಟಿಯಾಗಲು ವಾರಗಳು ಬೇಕು. ಅಷ್ಟರೊಳಗೆ ಅದರ ಮೇಲೆ ಪುಸ್ತಕ ಪೇರಿಸಿದರೆ ರಟ್ಟು ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ. ಕೈವಾರದ ಮೊನೆಗೆ ಬಣ್ಣ ನಿಲ್ಲುವುದಿಲ್ಲ. ಅಡುಗೆಮನೆಯಲ್ಲಂತೂ ತರಕಾರಿ ಹೆಚ್ಚುವ, ಬಿಸಿ ಪಾತ್ರೆ ಇಳಿಸುವ ಜಾಗಕ್ಕೆ ಬಣ್ಣ ತಕ್ಕದ್ದಲ್ಲ. ಕಪಾಟಿನ ಬಾಗಿಲಿಗಾದರೆ ಸರಿ.

ಆದ್ದರಿಂದ ಹೊಸ ಹಾಳೆಯೇ ಎಂದಾಯಿತು. ಇಡೀ ಹಾಳೆ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ. ಮೂರೂವರೆ ಅಡಿ ಉದ್ದ, ಎರಡು ಅಡಿ ಅಗಲದ ಮೇಜಿಗೆ ಅಷ್ಟು ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಉಳಿಕೆ ತುಂಡುಗಳಿರುತ್ತವೆ. ಅಪ್ಪ ಟೇಪು ಹಿಡಿದು ಮೇಜನ್ನು ಅಳೆದು, ಚೀಟಿ ಬರೆದು, "ಸರಿಯಾಗಿ ಇಷ್ಟೇ ಅಳತೆಗೆ ಕತ್ತರಿಸಿ ಕೊಡಿ" ಎಂದು ಕೆನೆಬಣ್ಣದ ಒಂದು ತುಂಡು ತಂದರು. ಈ 'ಸರಿಯಾಗಿ ಇಷ್ಟೇ' ಎಂಬ ಮಾತನ್ನು ನೆನಪಿಡಿ.

ಮನೆಯಲ್ಲೇ ಕತ್ತರಿಸುವವರು ಚಿತ್ತಾರದ ಕಡೆ ಉಕ್ಕಿನ ಪಟ್ಟಿ ಒತ್ತಿ ಹಿಡಿದು, ಸನ್‌ಮೈಕಾ ಕೊಯ್ಯುವ ಚಾಕುವಿನಿಂದ ಐದಾರು ಸಲ ಗೆರೆ ಎಳೆದು, ಗೆರೆ ಬಿದ್ದ ಕಡೆಗೇ ಮೇಲಕ್ಕೆ ಮಡಚಿ ಮುರಿಯಬೇಕು. ಮುರಿದ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಕೈಗೆ ದಪ್ಪ ಬಟ್ಟೆಯ ಗವಸು ಬೇಕು. ತಂದ ಹಾಳೆಯನ್ನು ಕೂಡಲೇ ಅಂಟಿಸಬಾರದು. ಅದು ಕಾಗದದಿಂದಾದದ್ದು, ಹವೆಯ ತೇವಕ್ಕೆ ಕೂದಲೆಳೆಯಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಮೇಜಿರುವ ಕೋಣೆಯಲ್ಲೇ ಎರಡು ದಿನ ಮಲಗಿಸಿಡಬೇಕು.

ಅಷ್ಟರಲ್ಲಿ ಹಳೆಯ ಮೈಯನ್ನು ಸಿದ್ಧ ಮಾಡಿದರು. ಗುಳ್ಳೆಯನ್ನು ಹಾಗೇ ಬಿಟ್ಟು ಮೇಲೆ ಹೊದಿಸಿದರೆ ಹೊಸ ಹಾಳೆಯೂ 'ಟಕ್' ಎನ್ನುತ್ತದೆ. ಅದನ್ನು ಕೊಯ್ದು ತೆಗೆದು ಮರಗೆಲಸದ ಪುಟ್ಟಿ ತುಂಬಿ ಮಟ್ಟ ಮಾಡಿದರು. ಉಳಿದುದನ್ನೆಲ್ಲ 80ನೇ ನಂಬರಿನ ಎಮರಿ ಕಾಗದದಿಂದ ಹೊಳಪು ಹೋಗುವಂತೆ ಉಜ್ಜಿದರು. ಈ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮುಖಕ್ಕೆ ಮಾಸ್ಕ್ ಕಟ್ಟಿ, ಮೇಜನ್ನು ಅಂಗಳಕ್ಕೆ ತಂದು, ಧೂಳನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಗೇಣುದ್ದದ ಜಾಗ ಉಜ್ಜುವುದರಲ್ಲಿ ತಮ್ಮನ ತೋಳು ಸೋತಿತು. ಬಡಗಿ ಯಾಕೆ ಅಷ್ಟು ಕೂಲಿ ಕೇಳುತ್ತಾನೆ ಎಂಬ ಪ್ರಶ್ನೆ ಆ ಮನೆಯಲ್ಲಿ ಮತ್ತೆ ಏಳಲಿಲ್ಲ.

ಈಗ ಅಂಟು. ಹಳೆಯ ಸನ್‌ಮೈಕಾದ ಮೇಲೆ ಹೊಸದನ್ನು ಬಿಳಿ ಅಂಟಿನಿಂದ ಕೂರಿಸಲಾಗದು. ಮೇಲೊಂದು ನೀರು ಕುಡಿಯದ ಹಾಳೆ, ಕೆಳಗೊಂದು ನೀರು ಕುಡಿಯದ ಹಾಳೆ. ನಡುವೆ ಸಿಕ್ಕ ಅಂಟಿನ ನೀರು ಎಲ್ಲಿಗೆ ಹೋಗಬೇಕು? ವಾರ ಕಳೆದರೂ ಹಸಿಯಾಗಿಯೇ ಇರುತ್ತದೆ. ಇಲ್ಲಿ ಬೇಕಾದದ್ದು ಚಪ್ಪಲಿ ರಿಪೇರಿಯವರು ಬಳಸುವಂಥ ರಬ್ಬರ್ ಅಂಟು. ಎರಡೂ ಮೈಗೆ ತೆಳುವಾಗಿ ಸವರಿ, ಹದಿನೈದು ಇಪ್ಪತ್ತು ನಿಮಿಷ ಒಣಗಲು ಬಿಟ್ಟು, ಬೆರಳಿಟ್ಟರೆ ಹತ್ತದಂತಾದ ಮೇಲೆ ಕೂಡಿಸಬೇಕು. ಒಣಗಿದ ರಬ್ಬರಿಗೆ ಒಣಗಿದ ರಬ್ಬರು ತಾಗಿದ ಕ್ಷಣವೇ ಹಿಡಿತ. ಮಳೆಗಾಲದಲ್ಲಿ ಈ ಕೆಲಸ ಬೇಡ. ಅಂಟಿನ ದ್ರಾವಕ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಹಿಡಿತ ಕೆಡುತ್ತದೆ.

ತಂದೆತಾಯಂದಿರು ಇಲ್ಲಿ ಎಚ್ಚರವಾಗಿರಬೇಕು. ಈ ದ್ರಾವಕದ ಆವಿ ಬೆಂಕಿಯನ್ನು ದೂರದಿಂದಲೇ ಹಿಡಿಯುವಂಥದು. ಅಡುಗೆಮನೆಯ ಒಲೆ ಮಾತ್ರವಲ್ಲ, ದೇವರ ಮುಂದಿನ ದೀಪ, ಊದುಬತ್ತಿ, ಸೊಳ್ಳೆಬತ್ತಿ ಎಲ್ಲವೂ ಆರಿರಬೇಕು. ಬಾಗಿಲು ಕಿಟಕಿ ಹಾಕಿಕೊಂಡು ಮಾಡಿದರೆ ತಲೆಸುತ್ತು ಬರುತ್ತದೆ. ಅಂಗಳವೋ ಜಗಲಿಯೋ ಉತ್ತಮ. ಇನ್ನೊಂದು ಮಾತು ಹೇಳಲು ಕಹಿ, ಹೇಳದಿದ್ದರೆ ತಪ್ಪು: ಈ ವಾಸನೆಯನ್ನು ಬೇಕೆಂದೇ ಮೂಸುವ ಚಟಕ್ಕೆ ಬಿದ್ದ ಮಕ್ಕಳಿದ್ದಾರೆ. ಹಚ್ಚುವಾಗ ದೊಡ್ಡವರೊಬ್ಬರು ಜೊತೆಗಿರಬೇಕು, ಉಳಿದ ಡಬ್ಬಿ ಮಕ್ಕಳ ಕೈಗೆ ಸಿಗದ ಕಡೆ ಹೋಗಬೇಕು.

ತಾಗಿದ ಕ್ಷಣವೇ ಹಿಡಿಯುವ ಅಂಟಿನಲ್ಲಿ ಎರಡನೇ ಅವಕಾಶವಿಲ್ಲ. ಅದಕ್ಕೊಂದು ಉಪಾಯವಿದೆ. ಒಣಗಿದ ಮೇಜಿನ ಮೇಲೆ, ಅದರ ಅಗಲಕ್ಕಿಂತ ಉದ್ದವಾದ ಬಿದಿರ ದಬ್ಬೆಗಳನ್ನು ಗೇಣಿಗೊಂದರಂತೆ ಅಡ್ಡಲಾಗಿಟ್ಟು, ಅವುಗಳ ಮೇಲೆ ಹಾಳೆಯನ್ನು ಮಲಗಿಸಬೇಕು. ಅಂಟು ಅಂಟಿಗೆ ತಾಗುವುದಿಲ್ಲ. ಹಾಳೆಯನ್ನು ಆಚೀಚೆ ಸರಿಸಿ ಅಂಚಿಗೆ ಹೊಂದಿಸಬಹುದು. ಹೊಂದಿದ ಮೇಲೆ ನಡುವಿನ ದಬ್ಬೆಯನ್ನು ಮೊದಲು ಎಳೆದು ಅಲ್ಲಿ ಒತ್ತಿ, ಒಂದೊಂದಾಗಿ ಎರಡೂ ಕಡೆಗೆ ಸಾಗಬೇಕು. ನಡುವಿನಿಂದ ಹೊರಟರೆ ಗಾಳಿ ಅಂಚಿನಿಂದ ಹೊರಹೋಗುತ್ತದೆ. ಕೊನೆಗೆ ಲಟ್ಟಣಿಗೆಗೆ ಬಟ್ಟೆ ಸುತ್ತಿ ಇಡೀ ಮೈಯನ್ನು ಭಾರ ಹಾಕಿ ಉರುಳಿಸಬೇಕು. ಲಟ್ಟಣಿಗೆ ಕೊಡಲು ಅಮ್ಮ ಸುಲಭವಾಗಿ ಒಪ್ಪಲಿಲ್ಲ. ಎರಡು ಸುತ್ತು ಬಟ್ಟೆ ಸುತ್ತಿದ ಮೇಲೆ ಒಪ್ಪಿದರು.

ಅಕ್ಕ ಎಡಗಡೆ, ತಮ್ಮ ಬಲಗಡೆ, ಅಪ್ಪ ಎದುರಿಗೆ. ಹಾಳೆ ಹೊಂದಿತು. "ನಡುವಿನದ್ದು ಎಳಿ" ಎಂದಳು ಅಕ್ಕ. ತಮ್ಮ ಎಳೆದದ್ದು ತನ್ನ ಕೈಗೆ ಹತ್ತಿರವಿದ್ದ ತುದಿಯದ್ದನ್ನು, ಅದೂ ಜೋರಾಗಿ ತನ್ನ ಕಡೆಗೆ. ದಬ್ಬೆಯ ಜೊತೆ ಹಾಳೆಯ ಬಲತುದಿ ಅರ್ಧ ಇಂಚು ಮುಂದಕ್ಕೆ ಬಂದು, ಬಾಗಿ, ಮೇಜನ್ನು ಮುಟ್ಟಿತು. ಮುಟ್ಟಿದ್ದು ಮುಟ್ಟಿದ್ದೇ.

ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕಿತ್ತರೆ ಹಾಳೆ ಸೀಳುವುದು ಖಂಡಿತ. "ಮುಂದುವರಿಸೋಣ" ಎಂದಳು ಅಕ್ಕ. ಉಳಿದ ದಬ್ಬೆಗಳು ಬಂದವು, ಲಟ್ಟಣಿಗೆ ಉರುಳಿತು. ಎದುರಿನ ಬಲಮೂಲೆಯಲ್ಲಿ ಹಾಳೆ ಅರ್ಧ ಇಂಚು ಹೊರಚಾಚಿತ್ತು. ಹಿಂದಿನ ಬಲಮೂಲೆಯಲ್ಲಿ ಅಷ್ಟೇ ಅಗಲದ ಹಳೆಯ ಹಸಿರು, ಎಡಕ್ಕೆ ಬರುತ್ತ ಸಣ್ಣದಾಗುವ ತ್ರಿಕೋನವಾಗಿ ಇಣುಕುತ್ತಿತ್ತು. ತಮ್ಮನ ಕಣ್ಣು ತುಂಬಿತು.

ಹೊಸ ಹಾಳೆ ಕತ್ತರಿಸುವಾಗ ನಾಲ್ಕೂ ಕಡೆ ಅರ್ಧ ಇಂಚಾದರೂ ಹೆಚ್ಚು ಬಿಡಬೇಕು, ಅಂಟಿಸಿದ ಮೇಲೆ ಅರದಿಂದ ಉಜ್ಜಿ ಮಟ್ಟ ಮಾಡಬೇಕು ಎಂಬುದು ಬಡಗಿಗಳಿಗೆಲ್ಲ ಗೊತ್ತಿರುವ ವಿಷಯ. ಹಾಗೆ ಬಿಟ್ಟಿದ್ದರೆ ಅರ್ಧ ಇಂಚಿನ ಜಾರು ಲೆಕ್ಕಕ್ಕೇ ಬರುತ್ತಿರಲಿಲ್ಲ. ಅಪ್ಪನಿಗೆ ಅದು ಹೊಳೆದದ್ದು ಆಗಲೇ. "ನೀನಲ್ಲ ಕಣೋ ತಪ್ಪು ಮಾಡಿದ್ದು. ಸರಿಯಾಗಿ ಇಷ್ಟೇ ಅಂತ ಕತ್ತರಿಸಿಕೊಂಡು ಬಂದವನು ನಾನು" ಎಂದರು. ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದ ಹುಡುಗ ಅಪ್ಪನ ಮುಖವನ್ನೇ ನೋಡಿದ.

ಅಕ್ಕ ಸ್ಕೇಲು ಹಿಡಿದು ಲೆಕ್ಕ ಹಾಕಿದಳು. ನಲವತ್ತೆರಡು ಇಂಚು ಉದ್ದಕ್ಕೆ ಅರ್ಧ ಇಂಚು ಅಂದರೆ ಹಾಳೆ ತಿರುಗಿದ್ದು ಒಂದು ಡಿಗ್ರಿಯೂ ಅಲ್ಲ, ಸುಮಾರು 0.7 ಡಿಗ್ರಿ. "ಟ್ಯಾನ್ ತೀಟಾ ಎಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಕೇಳ್ತಿದ್ದೆಯಲ್ಲ, ಇಲ್ಲಿ" ಎಂದಳು.

ಹೊರಚಾಚಿದ ಭಾಗವನ್ನು ಅರದಿಂದ ಉಜ್ಜಿದರು — ಯಾವಾಗಲೂ ಮೇಲಿನಿಂದ ಕೆಳಕ್ಕೆ, ಹಲಗೆಯ ಕಡೆಗೇ. ಎಳೆಯುವಾಗ ಎತ್ತಿಬಿಡಬೇಕು, ಇಲ್ಲವಾದರೆ ಚಿತ್ತಾರದ ಅಂಚು ಚಕ್ಕೆ ಏಳುತ್ತದೆ. ಹಿಂದಿನ ತ್ರಿಕೋನದಲ್ಲಿ ಹೊಸ ಹಾಳೆಯ ಅಂಚಿಗೆ ನೀರು ಇಳಿಯದಂತೆ ಪುಟ್ಟಿಯ ಸಣ್ಣ ಗೆರೆ ಎಳೆದರು. ಬೀದಿಯ ಕೊನೆಯ ಮರಗೆಲಸದವರು ಮುಂದಿನ ಅಂಚಿಗೆ ಬೀಡಿಂಗ್ ಪಟ್ಟಿ ಹೊಡೆಯಲು ಬಂದವರು ಮೇಜನ್ನು ಬೆರಳಿನಿಂದ ತಟ್ಟುತ್ತ ಹೋಗಿ, "ಹಿಡಿದಿದೆ ಬಿಡ್ರಿ, ಎಲ್ಲೂ ಟೊಳ್ಳಿಲ್ಲ" ಎಂದರು. ತ್ರಿಕೋನವನ್ನು ನೋಡಿ ನಕ್ಕರು, ಏನೂ ಹೇಳಲಿಲ್ಲ.

ಜೂನ್ ಬಂತು, ಶಾಲೆ ತೆರೆಯಿತು. ಆ ಮೂಲೆಯಲ್ಲಿ ಈಗ ತಮ್ಮನ ಪೆನ್ನಿನ ಡಬ್ಬಿ ಇದೆ. ಅಮ್ಮ ಒರೆಸುವಾಗ ಅದನ್ನು ಎತ್ತುತ್ತಾರೆ, ಹಸಿರು ಕಾಣುತ್ತದೆ, ಮತ್ತೆ ಅಲ್ಲೇ ಇಡುತ್ತಾರೆ. ಒದ್ದೆ ಬಟ್ಟೆಯನ್ನು ಹಿಂಡಿ ಒರೆಸುವುದು ಹೊಸ ರೂಢಿ. ಹಾಲಿನ ಪಾತ್ರೆಗೆ ಮರದ ಮಣೆಯೊಂದು ಬಂದಿದೆ. ಲೆಕ್ಕ ಬಗೆಹರಿಯದಾಗ ಒತ್ತಲು ಗುಳ್ಳೆ ಇಲ್ಲವಲ್ಲ ಎಂಬುದು ಹುಡುಗನ ಒಂದೇ ದೂರು.